ಅವ್ವನ ಸೀರೆಗಳ ಕೌದಿ

ಅವ್ವ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಲಾಕ್‌ಡೌನ್ ಇತ್ತು. ಮಣ್ಣಿಗೆ ಐದೇ ಜನ ಹೋಗಬಹುದಿತ್ತು. ನಮ್ಮ ಬಾಗಲಕೋಟೆ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ಓಣಿಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ರಾತ್ರಿಯಿಡೀ ಭಜನೆ ಇರುತ್ತದೆ. ಹೆಂಗಸರು ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ಅವ್ವನಿಗೆ ಇದ್ಯಾವುದೂ ಸಿಗಲಿಲ್ಲ. ಅವತ್ತು ನಾನೇ ಅನ್ನಕ್ಕಿಟ್ಟೆ. ಕುಕ್ಕರ್ ಸೀಟಿ ಹೊಡೆದಾಗ ಮೈಯೆಲ್ಲ ಹಿಡಿಯಾಯಿತು.

ಆಮೇಲೆ ಆರು ತಿಂಗಳು ನಾನು ಅಳಲೇ ಇಲ್ಲ. ಅವ್ವನ ಟ್ರಂಕ್ ಮುಟ್ಟಲಿಲ್ಲ. ಯಾರಾದರೂ ಅವಳ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಒಬ್ಬ ಆಯಿ ಬಂದರು. ಹಳೇ ಊರಿನಲ್ಲಿ ನಮ್ಮ ಓಣಿಯವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾದಾಗ ಓಣಿ ಚದುರಿ, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲಿ ಒಬ್ಬೊಬ್ಬರು ಒಂದೊಂದು ಸೆಕ್ಟರ್ ಸೇರಿದ್ದೆವು. ಆಯಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು. “ಆಗ ಬುತ್ತಿ ತರಾಕ ಆಗಲಿಲ್ಲ ಯವ್ವಾ, ಈಗ ತಂದೀನಿ. ನಿಮ್ಮವ್ವನ ಸೀರಿ ತಗಿ. ಕೌದಿ ಹೊಲಿಯೂಣು” ಅಂದರು. ಹಳೇ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿಯುವ ಹೊದಿಕೆ ಕೌದಿ.

ಟ್ರಂಕಿನಲ್ಲಿ ಏಳು ಇಳಕಲ್ ಸೀರೆ ಇದ್ದವು. ಒಗೆದು ಒಗೆದು ಮೆತ್ತಗಾಗಿದ್ದವು. ಕೆಳಗೆ ಅಪ್ಪನ ಧೋತರ ಹಾಸಿ, ಮೇಲೆ ಸೀರೆ ಹರವಿದೆವು. ಹಳೇ ಓಣಿಯ ಐದಾರು ಹೆಂಗಸರು ದಿನಾ ಊಟವಾದ ಮೇಲೆ ಬರುತ್ತಿದ್ದರು. ಸುತ್ತ ಕೂತು ಅಂಚಿನಿಂದ ಒಳಗೆ ಹೊಲಿಯುತ್ತಾ ಬಂದೆವು. ಕಣ್ಣು ಸೂಜಿಯ ಮೇಲಿದ್ದರೆ ಮಾತು ಸಲೀಸಾಗಿ ಬರುತ್ತದೆ. ಎದುರುಬದುರು ಕೂತು ಕೇಳಿದ್ದರೆ ನಾನಂತೂ ಬಾಯಿ ಬಿಡುತ್ತಿರಲಿಲ್ಲ.

ಮೂರನೇ ದಿನ ಒಬ್ಬ ಅಕ್ಕ ಸೆರಗೊಂದನ್ನು ಹಿಡಿದು ಸುಮ್ನೆ ಕೂತುಬಿಟ್ಟರು. ಅವ್ವ ದುಡ್ಡು ಗಂಟು ಹಾಕಿಕೊಳ್ಳುತ್ತಿದ್ದ ತುದಿ ಅದು. ಎಷ್ಟು ಒಗೆದರೂ ನಿರಿಗೆ ಹೋಗಿರಲಿಲ್ಲ. “ನನ್ನ ಹೆರಿಗಿಗೆ ಈ ಗಂಟು ಬಿಚ್ಚಿ ಇನ್ನೂರು ರೂಪಾಯಿ ಕೊಟ್ಟಿದ್ದಳು. ನಾ ತಿರುಗಿ ಕೊಡಲಿಲ್ಲ, ಆಕಿ ಕೇಳಲಿಲ್ಲ” ಅಂದರು. ನನಗೆ ಗೊತ್ತಿದ್ದದ್ದು ಪೈಸೆ ಪೈಸೆಗೂ ಲೆಕ್ಕ ಕೇಳುವ ಅವ್ವ. ಅದಕ್ಕೇ ಅವಳ ಜೊತೆ ಎಷ್ಟು ಜಗಳ ಆಡಿದ್ದೆ! ಆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಯಾರೂ “ಸಮಾಧಾನ ಮಾಡಿಕೋ” ಅನ್ನಲಿಲ್ಲ. ನನ್ನ ಅಳು ಕೇಳಿ ಅವರೂ ಅಳತೊಡಗಿದರು. ಅದೇ ವರ್ಷ ಗಂಡನನ್ನು ಕಳಕೊಂಡಿದ್ದ ಚಿಗವ್ವ ಗಂಡನ ಹೆಸರು ಹಿಡಿದು ಅತ್ತಳು. ಆಯಿ ಸಣ್ಣ ದನಿಯಲ್ಲಿ ಹಾಡೆತ್ತಿದರು. ಮೇ ತಿಂಗಳಲ್ಲಿ ಆಗಬೇಕಿದ್ದದ್ದು ಅವತ್ತು ಆಯಿತು. ಆಮೇಲೆ ಎಲ್ಲರಿಗೂ ಚಹಾ ಮಾಡಿದೆ. ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಗಿತ್ತು.

ಮುಂದಿನ ದಿನಗಳಲ್ಲಿ ಅಳುವುದಕ್ಕಿಂತ ನಕ್ಕಿದ್ದೇ ಜಾಸ್ತಿ. ಒಬ್ಬೊಬ್ಬರೂ ಅವ್ವನಿಂದ ಪಡೆದದ್ದು ಹೇಳಿದರು: ಬಾಣಂತನಕ್ಕೆ ತುಪ್ಪ, ಮಗನ ಫೀಸು, ಒಂದು ರಾತ್ರಿಯ ಆಸರೆ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಅಂತ ಎದೆ ತುಂಬಿ ಬರುತ್ತಿತ್ತು.

ಕಡೆಯ ದಿನ ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು. ಆಯಿ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟರು. “ಕೌದಿ ಹಸಕೊಂಡು ಇರಬಾರದು” ಅಂದು ಸೂಜಿ ನನ್ನ ಕೈಗೆ ಕೊಟ್ಟರು.

ಅದಾದ ಮೇಲೆ ಚಿಗವ್ವನ ಸರದಿ. ಗಂಡನ ಧೋತರ ತೆಗೆಯಲು ಅವಳಿಗೆ ಇನ್ನೊಂದು ವರ್ಷ ಬೇಕಾಯಿತು. ನಾವ್ಯಾರೂ ಅವಸರ ಮಾಡಲಿಲ್ಲ. ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೋದೆ.