ವಿಪಿಎನ್ ತಾನೇ ಸೈಟ್ ತಡೆದರೆ ಹೀಗೆ ಪರೀಕ್ಷಿಸಿ

ಮೊನ್ನೆ ರಾತ್ರಿ ಒಂದು ಸೈಟ್ ತೆರೆಯಲೇ ಇಲ್ಲ. ವಿಪಿಎನ್ (ನಮ್ಮ ಐಪಿ, ಅಂದರೆ ಇಂಟರ್ನೆಟ್ ವಿಳಾಸ, ಮರೆಮಾಡಿ ಬೇರೆ ಸರ್ವರ್ ಮೂಲಕ ಸೈಟ್‌ಗೆ ಒಯ್ಯುವ ಆ್ಯಪ್) ಆಫ್ ಮಾಡಿದೆ, ತಕ್ಷಣ ತೆರೆಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಅಂತ ಸರ್ಕಾರಿ ಆದೇಶಗಳನ್ನೆಲ್ಲ ಅರ್ಧ ಗಂಟೆ ಬೈದೆ. ಆಮೇಲೆ ನೋಡಿದರೆ ಆ್ಯಪ್‌ನಲ್ಲಿ ಜಾಹೀರಾತು ತಡೆಯುವ ಸ್ವಿಚ್ ಆನ್ ಇತ್ತು. ಆನ್ ಮಾಡಿದ್ದು ನಾನೇ. ಮೊದಲು ಅದನ್ನು ನೋಡಿಕೊಳ್ಳಿ.

ಬೈದದ್ದು ಪೂರ್ತಿ ದಂಡವೂ ಅಲ್ಲ. ವಿಪಿಎನ್‌ಗಳು ತನ್ನ ನಿಷೇಧದ ಪಟ್ಟಿ ಪಾಲಿಸಬೇಕು ಅಂತ ರಷ್ಯಾ 2017ರಲ್ಲೇ ಕಾನೂನು ತಂದಿತು. 2019ರಲ್ಲಿ ಹತ್ತು ವಿಪಿಎನ್‌ಗಳಿಗೆ ನೋಟಿಸ್ ಹೋಯಿತು. ಒಪ್ಪಿದ್ದು ರಷ್ಯಾದ್ದೇ ಕಂಪನಿ ಕ್ಯಾಸ್ಪರ್‌ಸ್ಕಿ ಒಂದೇ. ಪಂದ್ಯಗಳನ್ನು ಕದ್ದು ತೋರಿಸುವ ಸೈಟ್‌ಗಳನ್ನು ತಡೆಯಿರಿ ಅಂತ 2025ರ ಮೇನಲ್ಲಿ ಪ್ಯಾರಿಸ್‌ನ ನ್ಯಾಯಾಲಯ ಐದು ವಿಪಿಎನ್ ಕಂಪನಿಗಳಿಗೆ ಆದೇಶಿಸಿತು.

ಈಗ ಪರೀಕ್ಷೆ. ವಿಪಿಎನ್ ಆನ್ ಇಟ್ಟು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಎನ್‌ಎಸ್‌ಲುಕಪ್ (nslookup) ಅಂತ ಬರೆದು, ಜಾಗ ಬಿಟ್ಟು ಸೈಟ್ ಹೆಸರು ಹಾಕಿ ಎಂಟರ್ ಒತ್ತಿ. ಇನ್ನೊಮ್ಮೆ ಅದನ್ನೇ ಬರೆದು ಕೊನೆಗೆ ಜಾಗ ಬಿಟ್ಟು 1.1.1.1 ಸೇರಿಸಿ. ಇದು ಎಲ್ಲರಿಗೂ ತೆರೆದ ಬೇರೊಂದು ಡಿಎನ್‌ಎಸ್, ಅಂದರೆ ಸೈಟ್ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಸರ್ವರ್. ಮೊದಲ ಸಲ 0.0.0.0 ಬಂದು, ಎರಡನೇ ಸಲ ಬೇರೆ ವಿಳಾಸ ಬಂತಾ? ತಡೆ ವಿಪಿಎನ್‌ನ ಡಿಎನ್‌ಎಸ್‌ನಲ್ಲಿದೆ. ವಿಳಾಸ ಕೇಳಿದ್ದಕ್ಕೆ ಅದು ಸುಮ್ನೆ ‘ಇಲ್ಲ’ ಅಂದಿದೆ. ಕೇಳಿದವರು ಯಾರು ಅಂತ ಬರೆದಿಡುವ ಅಗತ್ಯ ಅದಕ್ಕಿಲ್ಲ. (ಕೆಲವು ವಿಪಿಎನ್‌ಗಳು ಎರಡೂ ಪ್ರಶ್ನೆಗೆ ತಾವೇ ಉತ್ತರ ಕೊಡುತ್ತವೆ. ಆಗ ಈ ಹೋಲಿಕೆಯಿಂದ ಏನೂ ತಿಳಿಯದು.)

ಎರಡೂ ಸಲ ಒಂದೇ ಸರಿಯಾದ ವಿಳಾಸ ಬಂದೂ ಪುಟ ತೆರೆಯದಿದ್ದರೆ ಸೈಟ್‌ನ ಐಪಿಯನ್ನೇ ತಡೆದಿರಬಹುದು. ಇಲ್ಲವೇ ಸಂಪರ್ಕದ ಶುರುವಿನಲ್ಲಿ ಹೋಗುವ ಸೈಟ್ ಹೆಸರನ್ನು ಓದಿ ತಡೆದಿರಬಹುದು. 403 (ಪ್ರವೇಶವಿಲ್ಲ) ಅಂತ ಬಂದರೆ ಸಾಮಾನ್ಯವಾಗಿ ಬಾಗಿಲು ಹಾಕಿದ್ದು ಆ ಸೈಟೇ. ರೂಟ್ ಸರ್ಟಿಫಿಕೇಟ್ (ಯಾವ ಸೈಟ್ ಅಸಲಿ ಅಂತ ನಂಬಬೇಕೆಂದು ನಿಮ್ಮ ಸಾಧನಕ್ಕೆ ಹೇಳುವ ಫೈಲ್) ಇನ್‌ಸ್ಟಾಲ್ ಮಾಡಿ ಅಂತ ಆ್ಯಪ್ ಕೇಳಿದರೆ ಮಾತ್ರ ಖಂಡಿತ ಬೇಡ. ಅದನ್ನು ಒಳಗೆ ಬಿಟ್ಟುಕೊಂಡರೆ ನಿಮ್ಮ ಪಾಸ್‌ವರ್ಡ್‌ಗಳನ್ನೂ ಓದುವ ದಾರಿ ಸಿಗುತ್ತದೆ.

ನನಗೆ ಜಾಸ್ತಿ ಚಿಂತೆ ಬೇರೆಯದು. ಪ್ಯಾರಿಸ್ ಆದೇಶ ಫ್ರಾನ್ಸ್ ನೆಲದಿಂದ ನೋಡುವವರಿಗೆ ಮಾತ್ರ. ಫ್ರಾನ್ಸ್‌ನಲ್ಲಿರುವ ಸರ್ವರ್‌ಗೆ ಪಟ್ಟಿ ಹಾಕಿದರೆ ಬಳಕೆದಾರರ ಕಡೆ ನೋಡಬೇಕಿಲ್ಲ. ಆದರೆ ಅಲ್ಲಿ ಕೂತು ಬೇರೆ ದೇಶದ ಸರ್ವರ್ ಆರಿಸಿದವರನ್ನೂ ತಡೆಯಬೇಕಾದರೆ? ಅವರ ನಿಜವಾದ ಐಪಿ ನೋಡಿ ದೇಶ ಗುರುತಿಸಬೇಕು. ನಾವು ದುಡ್ಡು ಕೊಟ್ಟು ಮರೆಮಾಡಿದ್ದು ಅದನ್ನೇ ಅಲ್ವಾ?

ಹಾಗಾಗಿ ಮೂರ್ನಾಲ್ಕು ದೇಶಗಳ ಸರ್ವರ್ ಬದಲಿಸಿ ನೋಡಿ. ಎಲ್ಲ ಕಡೆಯೂ ತಡೆ ಬೆನ್ನು ಬಿಡದಿದ್ದರೆ, ಒಂದೋ ಎಲ್ಲರಿಗೂ ತಡೆದಿದ್ದಾರೆ, ಇಲ್ಲಾ ನೀವು ಎಲ್ಲಿಂದ ಬಂದಿರಿ ಅಂತ ನೋಡುತ್ತಿದ್ದಾರೆ. ಆಗ ಸಪೋರ್ಟ್‌ಗೆ ಎರಡು ಪ್ರಶ್ನೆ ಬರೆಯಿರಿ. ತಡೆ ಸರ್ವರ್ ಮೇಲೋ, ಬಳಕೆದಾರರ ಮೇಲೋ? ತಡೆದ ಸೈಟ್ ಕೇಳಿದವರ ಐಪಿ ಎಷ್ಟು ಹೊತ್ತು ನಿಮ್ಮ ಬಳಿ ಉಳಿಯುತ್ತದೆ?

ನಾನೂ ಬರೆದೆ. ನಾಲ್ಕು ದಿನದ ಮೇಲೆ ಉತ್ತರ ಬಂತು. ‘ನಿಮ್ಮ ಖಾಸಗಿತನ ನಮಗೆ ಮುಖ್ಯ’ ಅಂತ ಶುರುವಾಗಿ, ಪಾಲಿಸಿ ಪುಟದ ಲಿಂಕ್‌ಗೆ ಮುಗಿದಿತ್ತು. ಅದೇ ಎರಡು ಪ್ರಶ್ನೆಗಳನ್ನು ಮತ್ತೆ ಕಳಿಸಿದ್ದೇನೆ.