ಹಾಸನದಿಂದ ಕ್ಯಾಲಿಫೋರ್ನಿಯಾಕ್ಕೆ: ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಮಗುವಿನ ಕಲೆಯ ವರ್ಷ

ನಾನು ರಜೆಗೆ ಹಾಸನಕ್ಕೆ ಬಂದಾಗಲೆಲ್ಲ ಹೊರಡಲು ತಯಾರಾದ ಒಂದಾದರೂ ಕುಟುಂಬ ಮನೆಗೆ ಬರುತ್ತದೆ. ವೀಸಾ ಆಗಿದೆ, ಮಗಳಿಗೆ ಕ್ಯಾಲಿಫೋರ್ನಿಯಾದ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಸೀಟೂ ಸಿಕ್ಕಿದೆ. ವಿಷಯಗಳ ಪಟ್ಟಿ ತೋರಿಸಿ ಕೇಳುತ್ತಾರೆ: "ಅಕ್ಕಾ, ಒಂದು ವರ್ಷ ಆರ್ಟ್ ಅಂತ ಇದೆಯಲ್ಲ, ಇದನ್ನ ಬಿಟ್ಟು ಇನ್ನೊಂದು ಸೈನ್ಸ್ ತಗೋಬಹುದಾ?" ಚಿಕ್ಕಮಗಳೂರು, ಸಕಲೇಶಪುರದ ಕಡೆಯವರೂ ಇದನ್ನೇ ಕೇಳುತ್ತಾರೆ. ಬಿಡೋಕೆ ಆಗೋದಿಲ್ಲ. ಆಗುವಂತಿದ್ದರೂ ಬಿಡಬೇಡಿ ಅಂತಲೇ ನಾನು ಹೇಳುತ್ತೇನೆ.

ಮೊದಲು ನಿಯಮ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ, ಹೈಸ್ಕೂಲಿನಿಂದ ಸೇರಬೇಕಾದರೆ 'ಎ'ಯಿಂದ 'ಜಿ'ವರೆಗಿನ 7 ಗುಂಪುಗಳಲ್ಲಿ ವರ್ಷಪೂರ್ತಿಯ 15 ಕೋರ್ಸ್‌ಗಳನ್ನು ಮುಗಿಸಿರಬೇಕು. ಅದರಲ್ಲಿ 'ಎಫ್' ಗುಂಪು ಕಲೆಯದು. ಒಂದು ವರ್ಷದ ಕೋರ್ಸು, ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು. ಕ್ಯಾಲ್ ಸ್ಟೇಟ್, ಅಂದರೆ ಆ ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ಕೂಡ ಕಲೆಯ ಒಂದು ವರ್ಷ ಕೇಳುತ್ತದೆ, ಅಲ್ಲಿ ಸಿ ಮೈನಸ್ ಇದ್ದರೂ ಸಾಕು. ಚಿತ್ರಕಲೆ, ಸಂಗೀತ, ನಾಟಕ, ನೃತ್ಯ, ಯಾವುದಾದರೂ ಆಗುತ್ತದೆ. ಆದರೆ ಶಾಲೆಯ ಪಟ್ಟಿಯಲ್ಲಿ ಆ ಕೋರ್ಸಿನ ಮುಂದೆ ಯುಸಿ ಒಪ್ಪಿದ್ದು ಅಂತ ಗುರುತಿರಬೇಕು. ಮನೆ ಹತ್ತಿರದ ಭರತನಾಟ್ಯ ಕ್ಲಾಸು ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ಅಲ್ಲಿ ಹೈಸ್ಕೂಲು 9ರಿಂದ 12ನೇ ತರಗತಿವರೆಗೆ. ಇದನ್ನು 9ನೇ ತರಗತಿಯಲ್ಲೇ ತೆಗೆದುಕೊಳ್ಳಿ. ಕೊನೆಯ ವರ್ಷಕ್ಕೆ ತಳ್ಳುವವರೇ ಜಾಸ್ತಿ. ಆದರೆ ಹೊಸದಾಗಿ ಬಂದ ಮಗುವಿಗೆ ಗಣಿತದ ತರಗತಿಯಲ್ಲಿ ಪಕ್ಕದವರ ಹೆಸರು ತಿಳಿಯಲೂ ತಿಂಗಳು ಹಿಡಿಯುತ್ತದೆ. ಕ್ವಾಯರಿನಲ್ಲಿ, ಅಂದರೆ ಒಟ್ಟಾಗಿ ಹಾಡುವ ತಂಡದಲ್ಲಿ, ನಾಟಕದಲ್ಲಿ ಮೊದಲ ವಾರದಿಂದಲೇ ಒಟ್ಟಿಗೆ ಕೆಲಸ ಮಾಡಬೇಕು. ನಮ್ಮ ಕಡೆಯ ಮಕ್ಕಳಿಗೆ ಮೊದಲ ಗೆಳೆಯರು ಸಿಕ್ಕಿದ್ದು ಹೆಚ್ಚಾಗಿ ಅಲ್ಲೇ. ಎಸ್ಸೆಸ್ಸೆಲ್ಸಿ ಮುಗಿಸಿ ಬರುವವರಿಗೆ ಸಾಮಾನ್ಯವಾಗಿ ಉಳಿಯುವುದು ಎರಡೇ ವರ್ಷ. ಅವರು ಮಾರ್ಕ್ಸ್ ಕಾರ್ಡ್ ಹಿಡಿದು ಮೊದಲ ವಾರವೇ ಕೌನ್ಸಿಲರ್, ಅಂದರೆ ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಶಾಲೆಯವರ ಜೊತೆ ಕೂತು ಮಾತಾಡಬೇಕು.

ಶಾಲೆ ಶುರುವಾಗುವುದು ಆಗಸ್ಟ್‌ನಲ್ಲಿ. ಸ್ವಲ್ಪ ದಿನಕ್ಕೇ ನಾಟಕದ ಆಡಿಷನ್ ಇರುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ತಂದ ಮಗುವೂ ಅಲ್ಲಿ ಇಂಗ್ಲಿಷ್ ಉಚ್ಚಾರಣೆಗೆ ಹೆದರಿ ಹಿಂದೆ ನಿಲ್ಲುತ್ತದೆ. ಅಂಥವರನ್ನು ಕ್ರೂಗೆ ಸೇರಿಸಿ. ಸೆಟ್ ಕಟ್ಟುವುದು, ಲೈಟು, ಸೌಂಡು, ಪರದೆಯ ಹಿಂದಿನ ಎಲ್ಲ ಕೆಲಸ ಮಕ್ಕಳದೇ. ನಾಚಿಕೆ ಸ್ವಭಾವದ ಮಕ್ಕಳು ಅಲ್ಲಿ ಅರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಗೀತ ಕಲಿತ ಮಕ್ಕಳ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಜೂನಿಯರ್ ಪರೀಕ್ಷೆ ಪಾಸಾದ ಹುಡುಗಿ ಪಿಟೀಲು ಹಿಡಿದು ಆರ್ಕೆಸ್ಟ್ರಾಗೆ ಹೋಗುತ್ತಾಳೆ ಅಂದುಕೊಳ್ಳಿ. ನಮ್ಮಲ್ಲಿ ಕಾಲು ಮಡಚಿ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ತಾಗಿಸಿ ನುಡಿಸುತ್ತೇವೆ. ತಂತಿಗಳನ್ನು ಸ-ಪ-ಸ-ಪ ಅಂತ ಶ್ರುತಿ ಮಾಡುತ್ತೇವೆ. ಅಲ್ಲಿ ಕುರ್ಚಿಯಲ್ಲಿ ಕೂತು ಗಲ್ಲದ ಕೆಳಗೆ ಹಿಡಿಯಬೇಕು, ತಂತಿಗಳು ಜಿ-ಡಿ-ಎ-ಇ, ಎದುರಿಗೆ ಐದು ಗೆರೆಯ ನೊಟೇಷನ್. ಕಿವಿ, ಕೈ ಎರಡೂ ತಯಾರಿದ್ದರೂ ಓದಲು ಬಾರದೆ ಮಗು ಕುಗ್ಗಿಬಿಡುತ್ತದೆ. ಹೊರಡುವ ಮೊದಲೇ ಆ ನೊಟೇಷನ್ ಓದಲು ಕಲಿಸಿ. ಹಾಡುವವರಿಗೆ ಬೇರೆ ಕಷ್ಟ. ನಮ್ಮ ಹಾಡಿಗೆ ಒಂದೇ ಸ್ವರದ ದಾರಿ. ಕ್ವಾಯರಿನಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ನಾಲ್ಕು ಗುಂಪು, ನಾಲ್ಕೂ ಒಟ್ಟಿಗೆ ಬೇರೆ ಬೇರೆ ಸ್ವರ ಹಾಡುತ್ತವೆ. ಪಕ್ಕದವರ ಸ್ವರಕ್ಕೆ ಜಾರದೆ ತನ್ನದನ್ನು ಹಿಡಿದು ನಿಲ್ಲಬೇಕು. ಗಮಕವನ್ನೂ, ಅಂದರೆ ಸ್ವರವನ್ನು ತೂಗಿ ಆಡಿಸುವುದನ್ನೂ, ಬಿಡಬೇಕು. ಗಮಕ ಬಿಟ್ಟರೆ ಕಲಿತದ್ದು ಹಾಳಾಗುತ್ತದೆ ಅಂತ ಅಜ್ಜಿಯರು ಹೆದರುತ್ತಾರೆ. ಹಾಗಾಗುವುದಿಲ್ಲ. ಮನೆಯಲ್ಲಿ ಅಭ್ಯಾಸ ತಪ್ಪದಿದ್ದರೆ ಎರಡೂ ಉಳಿಯುತ್ತವೆ.

ಇನ್ನು ಧರ್ಮದ ಪ್ರಶ್ನೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಒಂದೇ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬರೇ ಬಿಷಪ್ಪರ ವ್ಯಾಪ್ತಿಗೆ ಸೇರಿವೆ. ನಮ್ಮಲ್ಲಿ ಎಷ್ಟೋ ಜನ ಕಾನ್ವೆಂಟಿನಲ್ಲೇ ಓದಿದವರು, ಅಲ್ವಾ? ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಧರ್ಮಪಾಠ ಎಲ್ಲರಿಗೂ ಕಡ್ಡಾಯದ ವಿಷಯ. ಇಡೀ ಶಾಲೆ ಸೇರುವ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮಾಸ್‌ನಲ್ಲಿ, ಹಾಡುವುದೂ ಕ್ವಾಯರಿನ ಕೆಲಸವೇ. ಬೇರೆ ಧರ್ಮದ ಮಗುವೂ ಹಾಡಬಹುದು. ಪೂಜೆಯಲ್ಲಿ ಹಂಚುವ ಪರಮ ಪ್ರಸಾದ (ಕಮ್ಯೂನಿಯನ್) ಮಾತ್ರ ತೆಗೆದುಕೊಳ್ಳುವಂತಿಲ್ಲ. ಕೂತಲ್ಲೇ ಇರಬಹುದು, ಇಲ್ಲವೇ ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಸಾಲಿನಲ್ಲಿ ಹೋದರೆ ಆಶೀರ್ವಾದ ಕೊಡುತ್ತಾರೆ. ಇದನ್ನು ಮಗುವಿಗೆ ಮೊದಲೇ ಹೇಳಿಡಿ. ಆ ದಿನ ಎಲ್ಲರೆದುರು ತಬ್ಬಿಬ್ಬಾಗುವುದು ಬೇಡ.

ಕಲೆಯ ವರ್ಷ ಚರ್ಚಿನ ಕ್ಯಾಲೆಂಡರಿನ ಜೊತೆಗೇ ನಡೆಯುತ್ತದೆ. ಡಿಸೆಂಬರಿನ ಆಗಮನ ಕಾಲದಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ, ಕ್ರಿಸ್‌ಮಸ್ ಸಂಗೀತ ಕಛೇರಿ. ಬಟ್ಟೆ ಸಾಮಾನ್ಯವಾಗಿ ಪೂರ್ತಿ ಕಪ್ಪು, ಶೂ ಕೂಡ. ಹಬ್ಬಕ್ಕೆ ಕಪ್ಪು ಯಾಕೆ ಅಂತ ಊರಿನವರು ಕೇಳಿದರೆ ಅದು ವೇದಿಕೆಯ ಸಮವಸ್ತ್ರ ಅಂತ ಹೇಳಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕೆಲವು ಶಾಲೆಗಳ ಮಕ್ಕಳು ಶಿಲುಬೆ ಹಾದಿಯ, ಅಂದರೆ ಯೇಸುವಿನ ಕೊನೆಯ ಯಾತ್ರೆಯ, 14 ಘಟ್ಟಗಳನ್ನು ಅಭಿನಯಿಸುತ್ತಾರೆ. ಕುಣಿತವಿಲ್ಲ, ಮಾತು ಕಡಿಮೆ, ಎಲ್ಲವೂ ನಿಲುವಿನಲ್ಲಿ, ಮುಖದಲ್ಲಿ. ಅಭಿನಯ ಕಲಿತ ನಮ್ಮ ಹುಡುಗಿಯರು ಇದನ್ನು ಬಹಳ ಚೆನ್ನಾಗಿ ಮಾಡುತ್ತಾರೆ.

ವಸಂತದಲ್ಲಿ ಮ್ಯೂಸಿಕಲ್, ಅಂದರೆ ಹಾಡು-ಕುಣಿತದ ದೊಡ್ಡ ನಾಟಕ. ಅದರ ಹಿಂದಿನ ವಾರ ಲೈಟು, ಸೌಂಡು ಸೇರಿಸಿ ಪೂರ್ತಿ ತಾಲೀಮು, ಅದಕ್ಕೆ ಟೆಕ್ ವೀಕ್ ಅನ್ನುತ್ತಾರೆ. ಮಕ್ಕಳು ಮನೆಗೆ ಬರುವುದು ರಾತ್ರಿಯೇ. ಆ ವಾರ ಬೇರೆ ಟ್ಯೂಷನ್ ಇಟ್ಟುಕೊಳ್ಳಬೇಡಿ. ತಂದೆ ತಾಯಿ ಇಂತಿಷ್ಟು ಗಂಟೆ ಸೇವೆ ಮಾಡಬೇಕೆಂಬ ನಿಯಮ ಅನೇಕ ಕ್ಯಾಥೊಲಿಕ್ ಶಾಲೆಗಳಲ್ಲಿದೆ. ಹೊಲಿಗೆ ಬರುವ ಅಮ್ಮಂದಿರು ವೇಷಭೂಷಣಕ್ಕೆ ಸೇರಿಕೊಳ್ಳಿ. ಇಂಗ್ಲಿಷ್ ಸರಾಗ ಇಲ್ಲದಿದ್ದರೂ ಸೂಜಿ-ದಾರದ ನಡುವೆ ಮಾತು ತಾನಾಗಿ ಬರುತ್ತದೆ. ಇನ್ನೊಂದು ಮಾತು: ಊರಲ್ಲಿರುವ ಅಜ್ಜಿ-ತಾತನಿಗೆ ತೋರಿಸಲು ಫೋನ್ ಎತ್ತಬೇಡಿ. ಇಂಥ ನಾಟಕವನ್ನು ಹಕ್ಕುದಾರರಿಗೆ ಹಣ ಕೊಟ್ಟು ಆಡುತ್ತಾರೆ. ರೆಕಾರ್ಡ್ ಮಾಡುವುದು ಸಾಮಾನ್ಯವಾಗಿ ನಿಷಿದ್ಧ. ಶಾಲೆಯೇ ಆನ್‌ಲೈನ್ ಪ್ರಸಾರದ ಅನುಮತಿ ಪಡೆದಿದೆಯಾ ಅಂತ ಕೇಳಿ ನೋಡಿ.

ಚಿತ್ರ ಬರೆಯುವ ಮಕ್ಕಳಿಗೆ ಹಾಸನದಲ್ಲೇ ಮಾಡಿ ಮುಗಿಸಬೇಕಾದ ಕೆಲಸವಿದೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಯ ಸರ್ಟಿಫಿಕೇಟು ಇಟ್ಟುಕೊಳ್ಳಿ, ಆದರೆ ಅಲ್ಲಿನ ಮೇಷ್ಟ್ರು ಮೊದಲು ಕೇಳುವುದು ಸ್ಕೆಚ್‌ಬುಕ್. ಮುಂದೆ ಎಪಿ ಆರ್ಟ್, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಕಲಾ ಕೋರ್ಸು, ತೆಗೆದುಕೊಂಡರೆ ಲಿಖಿತ ಪರೀಕ್ಷೆಯೇ ಇಲ್ಲ. ಒಂದೇ ಪ್ರಶ್ನೆಯನ್ನು ಬೆನ್ನು ಹತ್ತಿ ಮಾಡಿದ ಕೆಲಸದ 15 ಚಿತ್ರಗಳನ್ನೂ, ಬೇರೆಯಾಗಿ ಆರಿಸಿದ 5 ಕೃತಿಗಳನ್ನೂ ಮೇ ತಿಂಗಳ ಮೊದಲಲ್ಲಿ ಕಳಿಸಬೇಕು. ಹಾಗಾಗಿ ಹೊರಡುವ ಮುಂಚಿನ ಭಾನುವಾರಗಳಲ್ಲಿ ಮಗುವನ್ನು ಬೇಲೂರಿಗೆ, ಹಳೇಬೀಡಿಗೆ ಕರೆದುಕೊಂಡು ಹೋಗಿ. ಸುಮ್ನೆ ಫೋಟೊ ತೆಗೆದು ಬರಬೇಡಿ, ಕೂತು ಬರೆಯಲಿ. ಶಿಲಾಬಾಲಿಕೆಯರ ಒಡವೆಯನ್ನೇ ಒಂದು ಪ್ರಶ್ನೆಯಾಗಿ ಹಿಡಿಯಬಹುದು. ಬಳಪದ ಕಲ್ಲಿನಲ್ಲಿ ಅಷ್ಟು ಸಣ್ಣ ಕೆತ್ತನೆ ಹೇಗೆ ಸಾಧ್ಯವಾಯಿತು ಅನ್ನುವುದನ್ನೂ ಹಿಡಿಯಬಹುದು. 1117ರ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಶಿಲ್ಪಿಗಳಾದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಆ ಅಕ್ಷರಗಳನ್ನು ಮಗುವಿಗೆ ತೋರಿಸಿ. ತನ್ನ ಊರಿನ ಕಲೆಯ ಬಗ್ಗೆ ನಾಲ್ಕು ಮಾತು ಹೇಳಬಲ್ಲ ಮಗುವಿಗೆ ಅಲ್ಲಿ ಗೌರವವಿದೆ.

ಜನವರಿಯಲ್ಲಿ ಬಂದಿಳಿಯುವವರಿಗೆ ವರ್ಷಪೂರ್ತಿಯ ಕೋರ್ಸು ಆ ಸಲ ಸಿಗುವುದು ಕಷ್ಟ. ಚಿಂತೆ ಬೇಡ. ಮ್ಯೂಸಿಕಲ್‌ನ ಕ್ರೂಗೆ ಆಗಲೂ ಜನ ಬೇಕಿರುತ್ತಾರೆ. ಕೌನ್ಸಿಲರನ್ನು ಕೇಳಿ, ಮುಂದಿನ ವರ್ಷದ ಕೋರ್ಸ್ ಆಯ್ಕೆ ಫಾರಂ ಯಾವಾಗ ಅಂತಲೂ ಅವತ್ತೇ ತಿಳಿದುಕೊಳ್ಳಿ. ಎಷ್ಟೋ ಶಾಲೆಗಳಲ್ಲಿ ಅದನ್ನು ಬೇಸಿಗೆಗೂ ಮುಂಚೆಯೇ ತುಂಬಿಸಿಕೊಳ್ಳುತ್ತಾರೆ, ಸೆರಾಮಿಕ್ಸ್, ಫೋಟೊಗ್ರಫಿ ತರಗತಿಗಳು ಬೇಗ ಭರ್ತಿಯಾಗುತ್ತವೆ.