ಮರ ನೀರೆಳೆಯುವುದನ್ನು ಕಣ್ಣಾರೆ ಕಾಣುವ ಬಗೆ

ಬಾವಿಯ ದಡದಲ್ಲಿಟ್ಟ ಪಂಪು 10 ಮೀಟರಿಗಿಂತ ಆಳದ ನೀರನ್ನು ಹೀರಲಾರದೆಂಬುದು ತುಮಕೂರು ಸೀಮೆಯ ರೈತರಿಗೆ ಗೊತ್ತಿರುವ ಸಂಗತಿ. ಆದರೆ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ ನೀರು 100 ಮೀಟರಿಗೂ ಮೇಲಕ್ಕೆ ಏರುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು ಇದಕ್ಕೆ ಕೊಟ್ಟ ವಿವರಣೆಯನ್ನೇ ಇಂದಿಗೂ ಬಹುಪಾಲು ಒಪ್ಪಲಾಗಿದೆ: ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾದಂತೆಲ್ಲ, ಒಂದನ್ನೊಂದು ಬಿಗಿಯಾಗಿ ಹಿಡಿದಿರುವ ನೀರಿನ ಅಣುಗಳ ಸಾಲು ಕಾಂಡದ ನಾಳಗಳೊಳಗೆ ಮೇಲಕ್ಕೆ ಎಳೆಯಲ್ಪಡುತ್ತದೆ.

ಇದನ್ನು ಪರೀಕ್ಷಿಸಲು ಕಾಡಿಗೆ ಹೋಗಬೇಕಾಗಿಲ್ಲ. ಹೊಲದ ಬದುವಿನ ಹೊಂಗೆ ಮರ ಸಾಕು. ಬಿಸಿಲು ಚೆನ್ನಾಗಿರುವ ದಿನ ಬೆಳಿಗ್ಗೆ 9 ಗಂಟೆಗೆ, ಇಬ್ಬನಿ ಪೂರ್ತಿ ಆರಿದ ಮೇಲೆ, ಬಲಿತ ಎಲೆಗಳಿರುವ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ತೊಡಿಸಿ, ಅದರ ಒಂದು ಮೂಲೆ ಕೆಳಕ್ಕೆ ಜಗ್ಗುವಂತೆ ಸಣ್ಣ ಕಲ್ಲೊಂದನ್ನು ಹಾಕಿ, ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟಬೇಕು. ಅಷ್ಟೇ ಎಲೆಗಳಿರುವ ನೆರಳಿನ ರೆಂಬೆಗೂ ಇನ್ನೊಂದು ಚೀಲ ಕಟ್ಟಿ. ಸ್ವಲ್ಪ ಹೊತ್ತಿನಲ್ಲೇ ಒಳಮೈ ಮಬ್ಬಾಗಿ, ಹನಿಗಳು ಕೂಡಿ ಮೂಲೆಗಿಳಿಯತೊಡಗುತ್ತವೆ. ಎರಡು ಗಂಟೆಯ ನಂತರ ಎರಡನ್ನೂ ಬಿಚ್ಚಿ, ನೀರನ್ನು ಸಿರಿಂಜಿನಲ್ಲಿ ಅಳೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಚೀಲದೊಳಗಿನ ಕಾವಿಗೆ ಎಲೆಗಳು ಬೇಯುತ್ತವೆ. ಚೀಲದ ಗಾಳಿ ಬೇಗನೆ ತೇವದಿಂದ ತುಂಬಿ ಆವಿಯಾಗುವಿಕೆ ತಗ್ಗುವುದರಿಂದ, ಬಯಲಿನಲ್ಲಿ ಎಲೆ ಬಿಡುವ ನೀರು ಸಾಮಾನ್ಯವಾಗಿ ಈ ಅಳತೆಗಿಂತ ಹೆಚ್ಚು ಎಂಬುದನ್ನು ಮರೆಯಬಾರದು.

ನಾಳಗಳನ್ನು ನೋಡಬೇಕೆಂದರೆ ಬಿಳಿ ಸುಗಂಧರಾಜದ ದಂಟನ್ನು ನೀರೊಳಗೇ ಮುಳುಗಿಸಿ ಕತ್ತರಿಸಿ, ಕೂಡಲೇ ಕೆಂಪು ಬಣ್ಣದ ನೀರಿಗೆ ಇಳಿಸಿ. ನೀರೊಳಗೇ ಏಕೆಂದರೆ, ಹೊರಗೆ ಕತ್ತರಿಸಿದರೆ ಗಾಳಿ ನುಗ್ಗಿ ನೀರಿನ ಸಾಲು ತುಂಡಾಗುತ್ತದೆ. ದೊಡ್ಡ ಮರಕ್ಕೂ ಬರಗಾಲದಲ್ಲಿ ಇದೇ ಅಪಾಯ: ಎಳೆತ ಮಿತಿಮೀರಿದರೆ ನಾಳದೊಳಗೆ ಗಾಳಿಗುಳ್ಳೆ ಹುಟ್ಟಿ, ಆ ನಾಳ ಕೆಲಸಕ್ಕೆ ಬಾರದಂತಾಗುತ್ತದೆ.

ಆದ್ದರಿಂದಲೇ ಮಣ್ಣು ಒಣಗಿದಾಗ ಮರವು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಎಲೆಯನ್ನೇ ಉದುರಿಸುತ್ತದೆ. ದೇವರಾಯನದುರ್ಗದ ಕಾಡು ಬೇಸಿಗೆಗೆ ಮೊದಲೇ ಬೋಳಾಗುವುದು ಹೀಗೆ. ಜನರು ಅದನ್ನು ಮರದ ಸಾವೆಂದು ಭಾವಿಸುವುದು ನನಗೆ ನಿಜಕ್ಕೂ ನೋವು ತರುತ್ತದೆ. ಎಲೆ ಉದುರಿದ ಜಾಗದಲ್ಲಿ ಕಡ್ಡಿಯ ಮೇಲೆ ಉಳಿದ ಕಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಮುಚ್ಚಿಹೋದ ನಾಳಗಳ ಗುರುತುಗಳು ಚುಕ್ಕೆಗಳಾಗಿ ಕಾಣುತ್ತವೆ. ನಿಮ್ಮ ಹೊಲದ ಬೋಳು ಮರಕ್ಕೆ ಕೊಡಲಿ ಹಾಕುವ ಮುನ್ನ ಹಲವು ಕಡೆಯ ಎಳೆಯ ಕಡ್ಡಿಗಳ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಮರಕ್ಕೆ ಜೀವವಿದೆ.